ಹೇಳಿದ್ದನ್ನೇ ಎಷ್ಟು ಸಲ ಹೇಳ್ತಿ?

ಈ ಮಾತು ಕೇಳಿಸಿಕೊಳ್ಳದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಇರಲಿಕ್ಕಿಲ್ಲ. ಉಣ್ಣಲಿಕ್ಕೆ ಕೂತಾಗ ಗಂಡ ಅಂದಿರುತ್ತಾನೆ, ಫೋನಿನಲ್ಲಿ ಮಗ ಅಂದಿರುತ್ತಾನೆ. ಮನೆಯೊಳಗಿನ ಇದೇ ಗದರಿಕೆ ಸಾಹಿತ್ಯದ ಅಂಗಳಕ್ಕೆ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು 'ಪುನರುಕ್ತಿ ದೋಷ' ಎಂದು ಹೆಸರು ಹೇಳಿಕೊಳ್ಳುತ್ತದೆ. ಒಮ್ಮೆ ಶಿಕ್ಷಕರ ತರಬೇತಿಯೊಂದಕ್ಕೆ ಉಪನ್ಯಾಸ ಕೊಡಲು ಬಂದ ಮಹನೀಯರೊಬ್ಬರು, ಹೆಂಗಸರ ಕತೆಗಳಲ್ಲಿ ಅರ್ಧ ಹೊಡೆದುಹಾಕಿದರೂ ನಷ್ಟವಿಲ್ಲ, ಹೇಳಿದ್ದನ್ನೇ ಹೇಳಿರುತ್ತಾರೆ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನಗದೆ ಹೇಳಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. ಹದಿನೈದು ವರ್ಷದ ಹಿಂದಿನ ಮಾತು. ಎಂಟನೆಯ ತರಗತಿಗೆ 'ಮರೆಯಲಾಗದ ದಿನ' ಎಂದು ಪ್ರಬಂಧ ಕೊಟ್ಟಿದ್ದೆ. ತಿಳವಳ್ಳಿಯ ಪಕ್ಕದ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗಿ, ಮನೆಯ ಎತ್ತು ಮಾರಿದ ದಿನದ ಬಗ್ಗೆ ಬರೆದಳು. ಕೊಳ್ಳುವವನು ಬಂದು ಎತ್ತಿನ ಬಾಯಿ ತೆರೆದು ಹಲ್ಲು ನೋಡಿದ. ಅಪ್ಪ ಏನೂ ಅನ್ನಲಿಲ್ಲ. ಹೇಳಿದ್ದಕ್ಕಿಂತ ಕಡಿಮೆ ರೊಕ್ಕ ಎಣಿಸಿ ಕೊಟ್ಟ. ಅಪ್ಪ ಏನೂ ಅನ್ನಲಿಲ್ಲ. ಅವ್ವ ಎತ್ತಿನ ಹಣೆಗೆ ಕುಂಕುಮ ಹಚ್ಚಿ ಅತ್ತಳು. ಅಪ್ಪ ಏನೂ ಅನ್ನಲಿಲ್ಲ. ಹಳೇ ಹಗ್ಗ ಮಾತ್ರ ಮನೆಯಲ್ಲಿ ಉಳಿಯಿತು, ತಮ್ಮ ಅದನ್ನು ಹಿಡಿದು ಆಡಿದ. ಅಪ್ಪ ಏನೂ ಅನ್ನಲಿಲ್ಲ. ರಾತ್ರಿ ರೊಟ್ಟಿ ಬಡಿಸಿದರೆ ಎದ್ದು ಕೊಟ್ಟಿಗೆಗೆ ಹೋದ. ಆಗಲೂ ಏನೂ ಅನ್ನಲಿಲ್ಲ.

ನಾನೇನು ಮಾಡಿದೆ ಗೊತ್ತೆ? ಕೆಂಪು ಪೆನ್ನಿನಿಂದ ನಾಲ್ಕು ಕಡೆ ಹೊಡೆದು, ಅಂಚಿನಲ್ಲಿ 'ಪುನರುಕ್ತಿ' ಎಂದು ಬರೆದು, 'ಅಂದು ತಂದೆಯವರು ದಿನವಿಡೀ ಮೌನವಾಗಿದ್ದರು' ಎಂದು ಒಂದೇ ವಾಕ್ಯ ಮಾಡಿಕೊಟ್ಟೆ. ಹತ್ತಕ್ಕೆ ಆರು ಅಂಕ. ಹುಡುಗಿ ಜಾಣೆ, ಮುಂದೆಂದೂ ಹಾಗೆ ಬರೆಯಲಿಲ್ಲ. ಪರೀಕ್ಷೆಗೆ ಬೇಕಾದ ಹಾಗೆ ಪೀಠಿಕೆ, ವಿಷಯ, ಉಪಸಂಹಾರ ಎಂದು ನೀಟಾಗಿ ಬರೆದು ಅಂಕ ತೆಗೆದುಕೊಂಡಳು.

ಈಗ ನೋಡಿರಿ ನಮ್ಮ ಪಾಠದ ಚಂದ. ಅದೇ ತರಗತಿಗೆ ಅದೇ ವಾರ ವ್ಯಾಕರಣದ ಪಿರಿಯಡ್ಡಿನಲ್ಲಿ ನಾನೇ ದ್ವಿರುಕ್ತಿ ಹೇಳಿಕೊಟ್ಟಿರುತ್ತೇನೆ. ವಿಶೇಷ ಅರ್ಥ ಬರಲೆಂದು ಒಂದು ಪದವನ್ನಾಗಲಿ ವಾಕ್ಯವನ್ನಾಗಲಿ ಮತ್ತೆ ಹೇಳುವುದು ದ್ವಿರುಕ್ತಿ, ಸಂಭ್ರಮ, ಕೋಪ, ಆಶ್ಚರ್ಯ, ಅವಸರಗಳಲ್ಲಿ ಅದು ಬರುತ್ತದೆ ಎಂದು ಮಕ್ಕಳ ಕೈಲಿ ಬಾಯಿಪಾಠ ಮಾಡಿಸುತ್ತೇವೆ. 'ಹಾವು ಹಾವು' ಎಂದರೆ ಎರಡು ಹಾವಲ್ಲ, ಕಂಡವನ ಗಾಬರಿ ಎಂದು ವಿವರಿಸುತ್ತೇವೆ. ಬೆಲ್ ಹೊಡೆದ ಮೇಲೆ ಪ್ರಬಂಧದ ಪಟ್ಟಿ ತೆಗೆದು ಅದನ್ನೇ ಹೊಡೆದುಹಾಕುತ್ತೇವೆ.

ಶಾಸ್ತ್ರ ಗೊತ್ತಿದ್ದವರು ಸುಮ್ಮನಾಗಲಿ ಎಂದು ಇನ್ನೊಂದು ಮಾತು. ಸುಮಾರು 1300 ವರ್ಷಗಳ ಹಿಂದಿನ ದಂಡಿ, ನಮ್ಮ ಕವಿರಾಜಮಾರ್ಗ ಯಾರ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿತೋ ಆ ದಂಡಿ, ಪುನರುಕ್ತಿಯನ್ನು ದೋಷವೆಂದ. ಆದರೆ ಮರುಕದಂಥ ಭಾವ ಉಕ್ಕಿದಾಗ ಅದು ದೋಷವಲ್ಲ, ಅಲಂಕಾರವೇ ಆಗುತ್ತದೆ ಎಂದೂ ಅಲ್ಲಿಯೇ ಸೇರಿಸಿದ. ನಾವು ಮೊದಲರ್ಧ ಕಲಿತೆವು, ಉಳಿದರ್ಧವನ್ನು ಗ್ರಂಥಾಲಯದಲ್ಲೇ ಬಿಟ್ಟು ಬಂದೆವು.

ಕತೆಯಲ್ಲಿ 'ನಾನು' ಎಂದು ಹೇಳಿಕೊಳ್ಳುವವರ ವಿಷಯದಲ್ಲಿ ಈ ಉಳಿದರ್ಧ ಬಹಳ ಮುಖ್ಯ. 'ನನಗೆ ಹೆದರಿಕೆಯಾಗಿದೆ' ಎಂದು ಬಾಯಿಬಿಟ್ಟು ಹೇಳುವ ನಿರೂಪಕ ಅಪರೂಪ. ನಮ್ಮ ಹಾಗೆ ಅವನೂ ಮುಚ್ಚಿಡುತ್ತಾನೆ. ಮುಚ್ಚಿಟ್ಟದ್ದು ಯಾವುದೋ ಒಂದು ಮಾತಾಗಿ ಮತ್ತೆ ಮತ್ತೆ ಹೊರಗೆ ಬರುತ್ತದೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿ. ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕತೆ ಹೇಳುವ ಆ ಗಂಡಸು ಮಾಣಿ ವಿನ್ಸೆಂಟನ ಹೆಸರಿಗೆ ತಿರುತಿರುಗಿ ಬರುತ್ತಾನೆ, ಅವನಿಗೆ ಎಲ್ಲ ಗೊತ್ತಿದೆ ಎನ್ನುವ ಹಾಗೆ. ಮನೆಯಲ್ಲಿ ಆಗಬಾರದ್ದು ಆಗಿಹೋಗಿದೆಯೇನೋ ಎಂಬ ಭಯವನ್ನು ಮಾತ್ರ ನೇರ ಹೇಳುವುದಿಲ್ಲ. ಆ ಹೆಸರು ಬಂದಷ್ಟು ಸಲವೂ ನಮಗೆ ಭಯ ಹೆಚ್ಚುತ್ತದೆ. 'ಘಾಚರ್ ಘೋಚರ್' ಎಂಬ ಅರ್ಥವಿಲ್ಲದ ಶಬ್ದವೂ ಹಾಗೆಯೇ. ಹೆಂಡತಿ ಮತ್ತು ಅವಳ ತಮ್ಮ ಚಿಕ್ಕಂದಿನಲ್ಲಿ ಕಟ್ಟಿಕೊಂಡ ಮಾತು ಅದು. ಗಂಡನ ಕಿವಿಗೆ ಮೊದಲು ಬಿದ್ದಾಗ ಸಲಿಗೆ, ಆಮೇಲೆ ಬಿಡಿಸಲಾರದ ಗಂಟು. ಶಬ್ದ ಅದೇ, ಹೇಳುವವನ ಎದೆ ಬೇರೆ.

ಬಾನು ಮುಷ್ತಾಕರ 'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯಲ್ಲಂತೂ ಹೆಂಗಸು ದೇವರನ್ನೇ ಎದುರು ಕೂರಿಸಿಕೊಂಡು ಮಾತಾಡುತ್ತಾಳೆ. ಪ್ರಭುವನ್ನು ಕರೆಯುವ ಆ ಕರೆ ಒಂದು ಕಡೆ ಪ್ರಾರ್ಥನೆ, ಒಂದು ಕಡೆ ದೂರು, ಇನ್ನೊಂದು ಕಡೆ ನಿಂತು ಜವಾಬು ಕೇಳುವ ಜಗಳ. ಒಂದೇ ಸಲ ಕರೆದು ಸುಮ್ಮನಾಗು ಎಂದು ಅವಳಿಗೆ ಹೇಳಿದ್ದರೆ ಕತೆ ಎಲ್ಲಿ ಉಳಿಯುತ್ತಿತ್ತು? 2025ರಲ್ಲಿ ಬಾನು ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಸಂಭ್ರಮಪಟ್ಟವರಲ್ಲಿ ನಮ್ಮ ಆ ತರಬೇತಿಯ ಮಹನೀಯರೂ ಇದ್ದಿರಬಹುದು. ಆ ಪ್ರಶಸ್ತಿ ಬಂದ ಇಂಗ್ಲಿಷ್ ಸಂಕಲನದಲ್ಲಿ ಈ ಕತೆಯೂ ಇದೆ.

ಇದನ್ನೆಲ್ಲ ತಿಳಿಯಲು ಪುಸ್ತಕವೇ ಬೇಕೆಂದೇನಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಹಿರಿಯ ಹೆಂಗಸರು ಹಾಡಿಕೊಂಡು ಅಳುವುದನ್ನು ನೀವು ಕೇಳಿದ್ದೀರಿ. 'ನನ್ನವ್ವಾ' ಎಂದು ಕರೆದು ಒಂದು ನೆನಪು ಹೇಳುತ್ತಾರೆ, ಮತ್ತೆ 'ನನ್ನವ್ವಾ' ಎಂದು ಇನ್ನೊಂದು. ಹೊರಗೆ ಕಟ್ಟೆಯ ಮೇಲೆ ಕೂತ ಗಂಡಸರು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆಯೇ ಹೊರತು, ಒಮ್ಮೆ ಹೇಳಿದೆಯಲ್ಲ ಸಾಕು ಎಂದು ಯಾರೂ ಎದ್ದು ಹೇಳುವುದಿಲ್ಲ.

ಹಾಗಂತ ಮತ್ತೆ ಹೇಳಿದ್ದೆಲ್ಲ ಭಾವವೆಂದು ನಾನು ವಾದಿಸುವುದಿಲ್ಲ. ಪಕ್ಕದ ಹಿರೇಕೆರೂರು ಸೀಮೆಯವನೆಂದು ನಾವೆಲ್ಲ ಹೆಮ್ಮೆಪಡುವ ಸರ್ವಜ್ಞ ಪ್ರತಿ ವಚನದ ಕೊನೆಗೂ ತನ್ನ ಹೆಸರು ಹೇಳುತ್ತಾನೆ. ಅದು ಬಹುಮಟ್ಟಿಗೆ ಮುದ್ರೆ, ಇಂಥವನ ಮಾತೆಂದು ಒತ್ತಿದ ಠಸ್ಸೆ. ಅಕ್ಕಮಹಾದೇವಿಯ 'ಚೆನ್ನಮಲ್ಲಿಕಾರ್ಜುನ' ಅಂಕಿತವೇ ಆದರೂ ಒಂದು ವಚನದಲ್ಲಿ ಹಂಬಲ, ಇನ್ನೊಂದರಲ್ಲಿ ಮುನಿಸು. ಇನ್ನು ಟೀವಿ ಧಾರಾವಾಹಿಯವರು ಒಂದೇ ಮಾತಿಗೆ ಮೂರು ಸಲ ಮುಖ ತೋರಿಸುವುದು ಹೊತ್ತು ಕಳೆಯಲಿಕ್ಕೆ, ಚುನಾವಣೆಯ ಭಾಷಣದವರು ಹೇಳಿದ್ದೇ ಹೇಳುವುದು ಬೇರೆ ಹೇಳಲಿಕ್ಕೆ ಇಲ್ಲದ್ದಕ್ಕೆ. ಸುತ್ತಲಿನ ಸಂಗತಿ ಮುಂದೆ ಸರಿದಿದ್ದೂ ಹೇಳುವವರು ಅದೇ ಮಾತಿಗೆ ಯಾಕೆ ಬಂದರು ಎಂದು ಕೇಳಿಕೊಂಡರೆ ಜೊಳ್ಳು ಯಾವುದು, ಕಾಳು ಯಾವುದು ತಿಳಿಯುತ್ತದೆ. ಆ ಹುಡುಗಿಯ ಐದು ವಾಕ್ಯಗಳಲ್ಲಿ ಮೊದಲನೆಯದರಲ್ಲಿ ಅಪ್ಪನ ಗಾಂಭೀರ್ಯವಿತ್ತು, ಎರಡನೆಯದರಲ್ಲಿ ಸೋಲು. ಹಗ್ಗ ಹಿಡಿದು ತಮ್ಮ ಆಡುವ ಹೊತ್ತಿಗೆ ಅಪ್ಪನ ಮಾತೇ ಅಲ್ಲ ಅದು, ಏನಾದರೂ ಅನ್ನಪ್ಪಾ ಎಂದು ಮಗಳು ಕೂಗಿದ್ದು. ಅದನ್ನು ನಾನು 'ಮೌನವಾಗಿದ್ದರು' ಎಂದು ತಿದ್ದಿದೆ!

ಹೋದ ವರ್ಷ ತಿಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಕೈಯಲ್ಲಿ ಮಗಳು. "ಆರಾಮ ಅದೀರೇನ್ರೀ ಅಕ್ಕೋರ" ಎಂದು ಮಾತಾಡಿಸಿದಳು. ಎಂಟನೇ ತರಗತಿಯಲ್ಲಿ ಎತ್ತಿನ ಮೇಲೆ ಬರೆದ ಪ್ರಬಂಧದ ಪಟ್ಟಿ ಇಟ್ಟಿದ್ದೀಯೇನವ್ವಾ ಎಂದು ಕೇಳಿದೆ. ಅವಳಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಅದು ಅವಾಗ್ಲೇ ರದ್ದಿಗೆ ಹೋತ್ರೀ" ಅಂದಳು.