ಗಂಡಭೇರುಂಡ ಲಾಂಛನವೂ ಕೊಟ್ಟ ಭಾಷೆಯೂ

ಸೈನಿಕನ ಲಾಂಛನವನ್ನು ಉಡುಪಿನ ಅಲಂಕಾರವೆಂದು ಬಗೆಯುವುದು ಅಲ್ಪದೃಷ್ಟಿ. ಅದು ಧರಿಸಿದವನು ನಾಡಿಗೆ ಕೊಟ್ಟ ಭಾಷೆ. ನೋಡಿದವರು ತೀರಿಸಬೇಕಾದ ಋಣ.

ಕನ್ನಡನಾಡಿನ ಲಾಂಛನಗಳಲ್ಲಿ ಗಂಡಭೇರುಂಡವು ಅಗ್ರಗಣ್ಯವಾದುದು. ಗಂಡನೆಂದರೆ ಶೂರ, ಭೇರುಂಡವು ಎರಡು ತಲೆಗಳ ಘೋರಪಕ್ಷಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಶಿಲಾಸ್ತಂಭದ ತುದಿಯಲ್ಲಿ ಮನುಷ್ಯದೇಹದ ಭೇರುಂಡಮೂರ್ತಿಯಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದೇ ಪಕ್ಷಿ ಕೊಕ್ಕು ಉಗುರುಗಳಿಂದ ಆನೆಗಳನ್ನು ಹಿಡಿದೆತ್ತಿದೆ. ಮುಂದೆ ಅದು ಮೈಸೂರು ಒಡೆಯರ ರಾಜಲಾಂಛನವಾಯಿತು.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮುಂದೆ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಭರ್ಜಿ ಹಿಡಿದು ಮೆಷಿನ್‌ಗನ್ನುಗಳಿಗೆ ಎದುರಾಗಿ ನುಗ್ಗಿ ಆ ನಗರವನ್ನು ಗೆದ್ದವು. ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ 61ನೆಯ ಅಶ್ವದಳವನ್ನು ಕಟ್ಟಿದಾಗ, ಮೈಸೂರಿನ ಎರಡು ತಲೆಯ ಪಕ್ಷಿಯೇ ಅದರ ಟೋಪಿಯ ಲಾಂಛನವಾಯಿತು. ಸಂಸ್ಥಾನ ಅಳಿಯಿತು, ಲಾಂಛನ ಉಳಿಯಿತು.

ಗಬ್ಬೂರು ಸೀಮೆಯು 1948ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ಪಕ್ಷಿ ಇಲ್ಲಿಗೆ ಹೊರಗಿನದೆಂದು ಯಾರಾದರೂ ಹೇಳಬಹುದು. ಆದರೆ ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಹೈದರಾಬಾದು, ಮೈಸೂರು, ಜೋಧಪುರಗಳ ಯೋಧರ ಮೂರ್ತಿಗಳು ಒಂದೇ ಕಂಬದ ಸುತ್ತ ನಿಂತಿವೆ. 1956ರಲ್ಲಿ ರಾಯಚೂರು ಜಿಲ್ಲೆ ಕನ್ನಡ ರಾಜ್ಯದಲ್ಲಿ ಒಂದಾದ ಮೇಲೆ, ರಾಜ್ಯಲಾಂಛನದ ಗಂಡಭೇರುಂಡವು ಇಲ್ಲಿಯ ರೈತನದೂ ಆಯಿತು.

ಆ ಪಕ್ಷಿಗೆ ಒಡಲೊಂದೇ, ತಲೆಗಳೆರಡು. ಒಂದನ್ನು ಸೈನಿಕನೆಂದೂ ಇನ್ನೊಂದನ್ನು ಸಮಾಜವೆಂದೂ ತಿಳಿದರೆ ಅರ್ಥ ಪೂರ್ಣವಾಗುತ್ತದೆ. ಸೈನಿಕನು ಪ್ರಾಣವನ್ನು ಪಣವಿಟ್ಟು ತನ್ನ ಮಾತನ್ನು ನಡೆಸುತ್ತಾನೆ. ಅವನು ನಿವೃತ್ತನಾಗಿ, ಅಥವಾ ಅಂಗವಿಕಲನಾಗಿ, ಊರಿಗೆ ಮರಳಿದಾಗ ಸಮಾಜ ತನ್ನ ಮಾತನ್ನು ನಡೆಸಬೇಕು. ವಿಜಯನಗರದ ಅರಸರಿಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿತ್ತು. ಮಾತಿಗೆ ತಪ್ಪುವುದು ಅರಸನಿಗೇ ಸಲ್ಲದಾಗಿದ್ದರೆ, ಪ್ರಜೆಗಳೇ ಪ್ರಭುಗಳಾದ ಕಾಲದಲ್ಲಿ ಅದು ಹೇಗೆ ಸಲ್ಲುವುದು?

ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಸೇನಾ ಧ್ವಜ ದಿನಾಚರಣೆ ನಡೆಯುತ್ತದೆ. 1949ರಲ್ಲಿ ಆರಂಭವಾದ ಈ ದಿನದಂದು ಹಂಚುವ ಕಿರುಧ್ವಜದ ಕೆಂಪು, ಕಡುನೀಲಿ, ತಿಳಿನೀಲಿ ವರ್ಣಗಳು ಭೂ, ನೌಕಾ, ವಾಯುಸೇನೆಗಳ ಸಂಕೇತ. ಸಂಗ್ರಹವಾದ ಹಣವು ಮಾಜಿ ಸೈನಿಕರ, ಮೃತಯೋಧರ ಕುಟುಂಬಗಳ ಕ್ಷೇಮಕ್ಕೆ ಸಲ್ಲುತ್ತದೆ. ಶಾಲೆಯ ಬಾಲಕನು ಆ ಧ್ವಜವನ್ನು ಎದೆಗೆ ಚುಚ್ಚಿಕೊಳ್ಳುವಾಗ ಅದರ ಅರ್ಥವನ್ನು ಅವನಿಗೆ ತಿಳಿಸುವುದು ಗುರುವಿನ ಧರ್ಮ. ತಿಳಿಸದೆ ಹಣ ಎತ್ತಿದರೆ ಅದು ಬರಿಯ ವಸೂಲಿಯಾದೀತು.

ಹಣಕ್ಕಿಂತ ಮಿಗಿಲಾದ ಸೇವೆಯೂ ಉಂಟು. ಊರಿನ ಮಾಜಿ ಸೈನಿಕನ ಪಿಂಚಣಿಯ ಅರ್ಜಿಯನ್ನು ಬರೆದುಕೊಡುವುದು, ಯೋಧನ ವಿಧವೆಯೊಡನೆ ಕಚೇರಿಗೆ ಹೋಗಿ ಬರುವುದು, ಆತನನ್ನು ಶಾಲೆಗೆ ಕರೆಸಿ ಅನುಭವವನ್ನು ಕೇಳುವುದು: ಇವೆಲ್ಲ ಹಿರಿಯ ವಿದ್ಯಾರ್ಥಿಗಳಿಂದ ಆಗತಕ್ಕ ಕೆಲಸಗಳು. ಕಾಗದದ ಧ್ವಜ ಸಂಜೆಗೆ ಮುದುಡುತ್ತದೆ. ಅದನ್ನು ಧರಿಸಿ ಕೊಟ್ಟ ಭಾಷೆ ಮುದುಡದಂತೆ ನೋಡಿಕೊಳ್ಳುವುದೇ ಲಾಂಛನಕ್ಕೆ ಸಲ್ಲಿಸುವ ನಿಜವಾದ ವಂದನೆ.