ಗೋಡೆಯ ಮೇಲಿನ ಸಾಕ್ಷಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ವಾಚಕರೆಲ್ಲರೂ ಕೇಳಿರುವರಷ್ಟೆ. ಕಳೆದ ಚೈತ್ರಮಾಸದಲ್ಲಿ ಚಳ್ಳಕೆರೆಯ ಒಂದು ಮನೆಯಲ್ಲಿ ಈ ಗಾದೆಯು ನಿಜವಾಗುವುದರಲ್ಲಿತ್ತು. ಬರೆ ಹಾಕಹೊರಟವರ ಪಂಕ್ತಿಯಲ್ಲಿ ಈ ಲೇಖಕನೂ ಇದ್ದನೆಂಬುದನ್ನು ಮೊದಲೇ ಒಪ್ಪಿಕೊಂಡು, ಕೊಠಡಿಯ ಹವೆಯನ್ನು ತಂಪುಮಾಡುವ ಯಂತ್ರದ, ಎಂದರೆ ಜನರು ಎ.ಸಿ. ಎಂದು ಕರೆಯುವ ಹವಾನಿಯಂತ್ರಕದ, ರೋಗನಿದಾನವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯುತ್ತೇನೆ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯು ಮಳೆ ಕಡಮೆಯಾದ ಬಯಲುನಾಡು. ಹಿಂದೆ ಮಣ್ಣಿನ ಮಾಳಿಗೆಯೂ ದಪ್ಪ ಗೋಡೆಗಳೂ ಬೇಸಗೆಯ ಬಿಸಿಲನ್ನು ತಡೆಯುತ್ತಿದ್ದುವು. ಈಗಿನ ಕಾಂಕ್ರೀಟು ಛಾವಣಿಯು ಹಗಲೆಲ್ಲ ಕಾದು, ರಾತ್ರಿಯೆಲ್ಲ ಆ ಕಾವನ್ನು ಕೆಳಕ್ಕೆ ಇಳಿಸುತ್ತದೆ. ಆದಕಾರಣ ವೃದ್ಧರೂ ರೋಗಿಗಳೂ ಇರುವ ಮನೆಯಲ್ಲಿ ಈ ಯಂತ್ರವನ್ನು ಬರಿಯ ಭೋಗವಸ್ತುವೆಂದು ತಳ್ಳಿಹಾಕುವಂತಿಲ್ಲ.

ನಾನು ಹೇಳಿದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಹಾಸಿಗೆ ಹಿಡಿದಿದ್ದರು. ಬೆಂಗಳೂರಿನಲ್ಲಿರುವ ಹಿರಿಯ ಮಗನು ಯಾವುದೋ ಕಛೇರಿಯಲ್ಲಿ ಬಿಚ್ಚಿದ ಯಂತ್ರವೊಂದನ್ನು ತಂದು ತಾಯಿಯ ಕೊಠಡಿಗೆ ಹಾಕಿಸಿದ್ದನು. ಸಾಮಾನ್ಯವಾದ ಯಂತ್ರಗಳಲ್ಲಿ ಉಷ್ಣವನ್ನು ಅರಿಯುವ ಅಂಗವು ಯಂತ್ರದೊಳಗೇ ಇರುವುದು. ಇದರಲ್ಲಾದರೋ ಅದು ಬೇರೆಯಾಗಿ, ಗೋಡೆಯ ಮೇಲೆ, ಅಂಗೈಯಗಲದ ಪೆಟ್ಟಿಗೆಯಲ್ಲಿತ್ತು. ಇದಕ್ಕೆ ಥರ್ಮೋಸ್ಟಾಟ್ ಎಂದು ಹೆಸರು, ಉಷ್ಣನಿಯಾಮಕವೆನ್ನಬಹುದು. ಬೇಸಗೆ ಬಲಿತಂತೆ ಯಂತ್ರವು ಹತ್ತು ನಿಮಿಷ ಓಡಿ ನಿಂತುಬಿಡಲಾರಂಭಿಸಿತು. ಕೊಠಡಿಯು ಒಲೆಯಂತೆ ಕಾಯುತ್ತಲೇ ಇದ್ದಿತು. ರಿಪೇರಿಯವನೊಬ್ಬನು ಬಂದು, ಹೊರಗಿನ ಪೆಟ್ಟಿಗೆಯ ಕಂಪ್ರೆಸರು ಸತ್ತಿದೆಯೆಂದೂ 20,000 ರೂಪಾಯಿ ಬೇಕೆಂದೂ ಹೇಳಿಹೋದನು. ಶೇಂಗಾ ಬಿತ್ತನೆಗೆಂದು ಎತ್ತಿಟ್ಟ ಹಣದ ಹೊರತು ಮನೆಯಲ್ಲಿ ಬೇರೆ ಹಣವಿರಲಿಲ್ಲ. ಕಿರಿಯ ಮಗನು, “ಏನು ಮಾಡೋಣ ಮೇಷ್ಟ್ರೇ?” ಎಂದು ಕೇಳಿದನು. ವಿಚಾರಮಾಡದೆ, “ತಾಯಿಗಿಂತ ಬಿತ್ತನೆ ದೊಡ್ಡದೇನಪ್ಪ?” ಎಂದುಬಿಟ್ಟೆನು. ಕಂಪ್ರೆಸರು ಬರುವುದು ತಡವಾಯಿತು. ಅಜ್ಜಿಯು ಎಂಟು ರಾತ್ರಿ ಎದೆಯ ಮೇಲೆ ಒದ್ದೆಬಟ್ಟೆ ಹಾಕಿಸಿಕೊಂಡು ಕಳೆದರು.

ಒಂಬತ್ತನೆಯ ದಿನ ನೋಡಹೋದಾಗ ಅವರು ಕ್ಷೀಣಸ್ವರದಲ್ಲಿ, “ಆ ಗೋಡೆಗೆ ಚಳಿಯಾಗುತ್ತದೆ ಮೇಷ್ಟ್ರೇ, ನನಗೆ ಆಗೋದಿಲ್ಲ” ಎಂದರು. ಸೊಸೆಯು, “ಎಂಟು ದಿನದಿಂದ ಅತ್ತೆಯವರದು ಇದೇ ಮಾತು” ಎಂದಳು. ನಾವೆಲ್ಲರೂ ಅದನ್ನು ಜ್ವರದ ಮಾತೆಂದು ತಿಳಿದಿದ್ದೆವು. ಆ ದಿನ ಮಾತ್ರ ಏಕೋ ಮನೆಗೆ ಹೋಗಿ ನನ್ನ ಹಳೆಯ ಉಷ್ಣಮಾಪಕವನ್ನು ತಂದೆನು. ಮಂಚದ ಬಳಿ 33 ಡಿಗ್ರಿ. ಗೋಡೆಯ ಪೆಟ್ಟಿಗೆಯ ಬಳಿ 25. ಮಾಘಮಾಸದಲ್ಲಿ ತಂದ ಹೊಸ ಬೀರುವನ್ನು ತಂಪುಗಾಳಿಯ ದಾರಿಗೆ ಅಡ್ಡಲಾಗಿ ನಿಲ್ಲಿಸಿದ್ದರು. ಗಾಳಿಯು ಅದಕ್ಕೆ ಬಡಿದು ತಿರುಗಿ, ನೇರವಾಗಿ ಉಷ್ಣನಿಯಾಮಕದ ಮೇಲೆ ಬೀಸುತ್ತಿದ್ದಿತು. ಕೊಠಡಿಯೆಲ್ಲ ತಂಪಾಯಿತೆಂದು ಅದು ಯಂತ್ರಕ್ಕೆ ಸಾಕ್ಷಿ ಹೇಳುತ್ತಿತ್ತು. ಯಂತ್ರವು ನಂಬಿ ನಿಲ್ಲುತ್ತಿತ್ತು.

ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕಗಳೆಂಬ ಎರಡು ಪರೀಕ್ಷೆಗಳುಂಟು. ಒಂದಿದ್ದರೆ ಇನ್ನೊಂದಿರುವುದು ಅನ್ವಯ. ಅದಿಲ್ಲದಿದ್ದರೆ ಇದೂ ಇಲ್ಲದಿರುವುದು ವ್ಯತಿರೇಕ. ಬೀರುವನ್ನು ಸರಿಸಿದೆವು, ಸಂಜೆಯೊಳಗೆ ಮಂಚದ ಬಳಿ 27 ಡಿಗ್ರಿಗೆ ಇಳಿಯಿತು. ಪುನಃ ಅಡ್ಡವಿಟ್ಟೆವು, ಯಂತ್ರವು ಹತ್ತು ನಿಮಿಷಕ್ಕೆ ನಿಂತಿತು. ಕಾರಣವು ನಿಶ್ಚಯವಾಯಿತು. ಬಿತ್ತನೆಯ ಹಣವು ಉಳಿಯಿತು.

ಉಷ್ಣನಿಯಾಮಕವೆಂಬುದು ವಿದ್ಯುತ್ತಿನಿಂದ ಕೆಲಸಮಾಡುವಂತಾದುದು ಒಬ್ಬ ಉಪಾಧ್ಯಾಯನಿಂದಲೆಂಬುದು ನನ್ನಂಥವರಿಗೆ ಸಂತೋಷದ ಸಂಗತಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರಿನಲ್ಲಿ ಪಾಠ ಹೇಳುತ್ತಿದ್ದ ವಾರೆನ್ ಜಾನ್ಸನ್ ಎಂಬಾತನು, ಕೊಠಡಿ ಬಿಸಿಯೋ ತಂಪೋ ಎಂದು ನೋಡಲು ಜವಾನನು ಪಾಠದ ನಡುವೆ ಬಂದು ಹೋಗುತ್ತಿದ್ದುದಕ್ಕೆ ಬೇಸತ್ತು, 1883ರಲ್ಲಿ ಇಂಥದೊಂದು ಸಾಧನಕ್ಕೆ ಹಕ್ಕುಪತ್ರ ಪಡೆದನು. ಅಂದಿನಿಂದ ಜವಾನನ ಕೆಲಸವನ್ನು ಗೋಡೆಯ ಪೆಟ್ಟಿಗೆಯು ಮಾಡುತ್ತಿದೆ. ಆದರೆ ಜವಾನನು ಕೊಠಡಿಯೆಲ್ಲ ಸುತ್ತಿ ನೋಡುತ್ತಿದ್ದನು. ಪೆಟ್ಟಿಗೆಯು ತಾನಿರುವ ಜಾಗವನ್ನು ಮಾತ್ರ ಬಲ್ಲುದು.

ಇದಕ್ಕೆ ವಿಪರೀತವಾದ ರೋಗವನ್ನು ಮೊಳಕಾಲ್ಮೂರಿನ ರೇಷ್ಮೆಸೀರೆಯ ವರ್ತಕರೊಬ್ಬರ ಮನೆಯಲ್ಲಿ ಕಂಡೆನು. ಅಲ್ಲಿ ಯಂತ್ರವು ನಿಲ್ಲುತ್ತಲೇ ಇರಲಿಲ್ಲ. ಮನೆಯ ಯಜಮಾನರು ತಂಪಿಗೆಂದು ಯಂತ್ರವನ್ನಿರಿಸಿ, ಚಳ್ಳಕೆರೆಯ ಕಂಬಳಿಯನ್ನು ಹೊದೆದು ಕುಳಿತಿದ್ದರು! ವಿದ್ಯುತ್ತಿನ ಬಿಲ್ಲು ತಿಂಗಳಿಂದ ತಿಂಗಳಿಗೆ ಏರುತ್ತಿದ್ದಿತು. ಪೆಟ್ಟಿಗೆಯ ತಂತಿಯು ಬರುವ ಕೊಳವೆಯು ಮೇಲಣ ಬಿಸಿಲುಮಹಡಿಗೆ ತೆರೆದಿದ್ದು, ಅಲ್ಲಿಯ ಬಿಸಿಗಾಳಿಯು ಗೋಡೆಯ ರಂಧ್ರದಿಂದ ಪೆಟ್ಟಿಗೆಯ ಬೆನ್ನಿಗೆ ತಾಗುತ್ತಿದ್ದಿತು. ವಿದ್ಯುತ್ ಕೆಲಸದವನಿಂದ ರಂಧ್ರವನ್ನು ಮುಚ್ಚಿಸಿದೊಡನೆ ಯಂತ್ರವು ಹದಕ್ಕೆ ಬಂದಿತು.

ಆದಕಾರಣ ಗೃಹಸ್ಥರು ರಿಪೇರಿಯವನನ್ನು ಕರೆಯುವ ಮೊದಲು ಈ ಕ್ರಮವನ್ನು ಅನುಸರಿಸತಕ್ಕದ್ದು.

ಮೊದಲು, ಆಜ್ಞೆಯನ್ನು ನೋಡಿರಿ. ಪೆಟ್ಟಿಗೆಯು ತಂಪಿಗೆ ಹೊಂದಿಕೊಂಡಿದೆಯೋ, ಬರಿಯ ಫ್ಯಾನಿಗೋ? ಅಂಕವು ಎಷ್ಟಿದೆ? ಸರ್ಕಾರದ ನಿಯಮದಂತೆ 2020ರ ಜನವರಿ 1ರಿಂದ ನಕ್ಷತ್ರಾಂಕಿತ ಕೊಠಡಿಯಂತ್ರಗಳು 24 ಡಿಗ್ರಿಗೆ ಹೊಂದಿಸಲ್ಪಟ್ಟು ಬರುತ್ತವೆ; 24ರಿಂದ 26ರವರೆಗೆ ಇದ್ದರೆ ಸಾಮಾನ್ಯವಾಗಿ ದೇಹಕ್ಕೂ ಹಿತ, ಖರ್ಚಿಗೂ ಹಿತ.

ಎರಡನೆಯದಾಗಿ, ಸಾಕ್ಷಿಯನ್ನು ಪರೀಕ್ಷಿಸಿರಿ. ಉಷ್ಣಮಾಪಕವನ್ನು ಅರ್ಧ ಗಂಟೆ ಪೆಟ್ಟಿಗೆಯ ಪಕ್ಕದಲ್ಲಿಯೂ, ಅರ್ಧ ಗಂಟೆ ಜನರು ಕೂರುವ ಕಡೆಯಲ್ಲಿಯೂ ಇಡಿರಿ. ಪೆಟ್ಟಿಗೆಯು ತನ್ನ ಪಕ್ಕದ ಮಾಪಕಕ್ಕೇ ಒಪ್ಪದಿದ್ದರೆ ಅದು ಕೆಟ್ಟಿದೆ. ಮಾಪಕಕ್ಕೆ ಒಪ್ಪಿಯೂ ಕೊಠಡಿಗೆ ಒಪ್ಪದಿದ್ದರೆ ಅದಿರುವ ಜಾಗ ಕೆಟ್ಟಿದೆ. ಅದು ಒಳಗೋಡೆಯ ಮೇಲೆ, ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರಬೇಕು. ಬಿಸಿಲು, ದೀಪ, ಟೀವಿ, ಪರದೆ, ನೇರವಾದ ತಂಪುಗಾಳಿ, ಇವು ಅದಕ್ಕೆ ಸೋಂಕಕೂಡದು.

ಮೂರನೆಯದಾಗಿ, ಅಂಕವನ್ನು ಕೊಠಡಿಯ ಉಷ್ಣಕ್ಕಿಂತ ಬಹಳ ಕೆಳಕ್ಕೆ ಇಳಿಸಿ ಐದು ನಿಮಿಷ ಕಾಯಿರಿ. ಕಂಪ್ರೆಸರಿನ ರಕ್ಷಣೆಗಾಗಿ ಅನೇಕ ಯಂತ್ರಗಳು ಸುಮಾರು 3 ನಿಮಿಷ ತಡಮಾಡಿಯೇ ಹೊರಡುವುವು. ಅವಸರಪಟ್ಟು ಗುಂಡಿಗಳನ್ನು ಒತ್ತಬಾರದು. ಹೊರಗಿನ ಪೆಟ್ಟಿಗೆಯು ಹೊರಟರೆ ಆಜ್ಞೆಯು ತಲುಪುತ್ತಿದೆಯೆಂದು ಅರ್ಥ. ಹೊರಡದಿದ್ದರೆ ದೋಷವು ಪೆಟ್ಟಿಗೆಯಲ್ಲಿರಬಹುದು, ತಂತಿಯಲ್ಲಿರಬಹುದು, ವೋಲ್ಟೇಜಿನ ಕೊರತೆಯಾಗಿರಬಹುದು, ಕಂಪ್ರೆಸರಿನದೂ ಆಗಿರಬಹುದು.

ನಾಲ್ಕನೆಯದಾಗಿ, ಯಂತ್ರವು ಓಡುತ್ತಿರುವಾಗ ಒಳಕ್ಕೆ ಎಳೆದುಕೊಳ್ಳುವ ಗಾಳಿಗೂ ಹೊರಕ್ಕೆ ಬಿಡುವ ಗಾಳಿಗೂ ಇರುವ ಅಂತರವನ್ನು ಅಳೆಯಿರಿ. ಸುಮಾರು 8ರಿಂದ 12 ಡಿಗ್ರಿಯಿದ್ದರೆ ತಂಪುಮಾಡುವ ಶಕ್ತಿಯು ಕುಂದಿಲ್ಲ. ಕಡಮೆಯಾದರೆ ಜಾಲರಿಯ ಧೂಳನ್ನು ತೊಳೆಯಿರಿ. ನಮ್ಮ ಸೀಮೆಯ ಧೂಳಿಗೆ ಹದಿನೈದು ದಿನಕ್ಕೊಮ್ಮೆ ತೊಳೆದರೂ ಹೆಚ್ಚಲ್ಲ. ಗ್ಯಾಸು ತೀರಿದೆಯೆಂದು ಯಾರಾದರೂ ಹೇಳಿದರೆ, ಸೋರಿಕೆ ಎಲ್ಲಿದೆಯೆಂದು ಕೇಳಿರಿ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಗ್ಯಾಸು ಎಣ್ಣೆಯಂತೆ ಉರಿದು ತೀರುವ ವಸ್ತುವಲ್ಲ. ಸೋರಿಕೆಯನ್ನು ಮುಚ್ಚದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಒಂದು ಎಚ್ಚರಿಕೆ: ಗೋಡೆಯ ಪೆಟ್ಟಿಗೆಯ ಹಿಂದಿನ ತಂತಿಗಳಲ್ಲಿ ಕೆಲವೆಡೆ 230 ವೋಲ್ಟು ಹರಿಯುತ್ತಿರುವುದು. ಪೆಟ್ಟಿಗೆಯನ್ನು ಬಿಚ್ಚುವುದು ಬಲ್ಲವನ ಕೆಲಸ. ನಮ್ಮದು ನೋಡುವ, ಅಳೆಯುವ, ಕೇಳುವ ಕೆಲಸ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ತಾಯಿತಂದೆಗಳ ಶುಶ್ರೂಷೆಯನ್ನು ವಿಧಿಸುತ್ತದೆ. ಶುಶ್ರೂಷೆಯೆಂದರೆ ಸೇವೆಯೆಂದು ಮೂವತ್ತು ವರ್ಷ ಪಾಠ ಹೇಳಿದೆನು. ಧಾತುವನ್ನು ನೋಡಿದರೆ ಅದರ ಮೊದಲ ಅರ್ಥವು ಕೇಳಬೇಕೆಂಬ ಇಚ್ಛೆ. ವ್ಯಾಕರಣವನ್ನು ಬಲ್ಲ ನಾನು ಅಜ್ಜಿಯ ಮಾತನ್ನು ಎಂಟು ದಿನ ಕೇಳಲಿಲ್ಲ. ಯಂತ್ರವು ಕೆಟ್ಟಿತೆಂದು ತೋರಿದಾಗ ಗೋಡೆಯ ಮೇಲಿನ ಸಾಕ್ಷಿಯನ್ನು ಪರೀಕ್ಷಿಸಿರಿ. ಅದಕ್ಕೂ ಮೊದಲು ಮಂಚದ ಮೇಲಿನ ಸಾಕ್ಷಿಯನ್ನು ವಿಚಾರಿಸಿರಿ.