ಭತ್ತಕ್ಕೆ ಸಿಗುವ ಸಾಲ ಕೌದಿಗೇಕಿಲ್ಲ?

ಮುಂಡಗೋಡದ ರೈತರು ಬಿತ್ತನೆಗೆ ಮುಂಚೆ ಸೊಸೈಟಿಯಲ್ಲಿ ಬೆಳೆಸಾಲ ಎತ್ತುತ್ತಾರೆ. ಭತ್ತ, ಗೋವಿನಜೋಳ ಮಾರಿದ ಮೇಲೆ ತೀರಿಸುತ್ತಾರೆ. ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗೆ ಈ ಸಾಲಕ್ಕೆ ಬಡ್ಡಿಯೂ ಇಲ್ಲ. ಅದೇ ಊರಿನ ಹೆಣ್ಣುಮಗಳು ಕೌದಿ ಹೊಲಿದು ಮಾರುತ್ತೇನೆಂದು ಹೊರಟರೆ ಕೈಗೆ ಸಿಗುವುದು ವಾರದ ಇಲ್ಲವೇ ತಿಂಗಳ ಕಂತಿನ ಸಾಲ. ಮೊದಲ ಕೌದಿ ಮುಗಿಯುವ ಮೊದಲೇ ಕಂತಿನ ದಿನ ಬಂದಿರುತ್ತದೆ. ಸಣ್ಣ ಕರಕುಶಲ ಉದ್ಯಮಗಳು ಕಾಲೂರುವ ಮುನ್ನವೇ ಮುಗ್ಗರಿಸಲು ಕೌಶಲದ ಕೊರತೆಗಿಂತ ಇದೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಮುಂಡಗೋಡ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರ ಕೌದಿಯನ್ನೇ ನೋಡಿ. ಹಳೆ ಸೀರೆಯನ್ನು ಅಡಿಗೆ ಹಾಸಿ, ಬಟ್ಟೆಯ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತ, ಸುತ್ತುಸುತ್ತಾಗಿ ನಡುವಿನ ಕಡೆಗೆ ಕೈಯಲ್ಲೇ ಹೊಲಿಯುತ್ತ ಹೋಗುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫೂಲ’ ಕೂರಿಸದೆ ಕೌದಿ ಮುಗಿಯಿತು ಅನ್ನುವುದಿಲ್ಲ. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಈ ಮಹಿಳೆಯರ ಸಹಕಾರಿ ಗುಂಪೊಂದು ರೂಪುಗೊಂಡಿತು. 2011ರಲ್ಲಿ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಂದರೆ ಕಲೆಗೆ ಬೆಲೆಯಿದೆ, ನೋಡುವವರೂ ಇದ್ದಾರೆ.

ಲೆಕ್ಕಕ್ಕೆ ಬರೋಣ. ಒಂದು ದೊಡ್ಡ ಕೌದಿಗೆ ಎಂಟೆಂಟು ಗಂಟೆಯ ಹತ್ತು ದಿನದ ಕೆಲಸ ಎಂದಿಟ್ಟುಕೊಳ್ಳಿ. 2025-26ರ ನರೇಗಾ ದರ, ದಿನಕ್ಕೆ 370 ರೂಪಾಯಿ ಹಿಡಿದರೂ ಕೂಲಿಯೇ 3,700. ನಾಲ್ಕೈದು ಮಂದಿ ಕೂಡಿ ದಸರಾ, ದೀಪಾವಳಿಯ ಮೇಳಗಳಿಗೆಂದು ಇಪ್ಪತ್ತು ಕೌದಿ ಹೊಲಿದರೆ 74,000 ರೂಪಾಯಿ ಮಾರಾಟಕ್ಕೆ ಮೊದಲೇ ಅದರಲ್ಲಿ ಕೂತಿರುತ್ತದೆ. ಯಾರೂ ಅದನ್ನು ಬಂಡವಾಳ ಎಂದು ಬರೆದಿಡುವುದಿಲ್ಲ. ಮನೆಯ ಹೆಣ್ಣುಮಕ್ಕಳ ಬಿಡುವಿನ ಹೊತ್ತು ಪುಕ್ಕಟೆ ಎಂದೇ ಎಲ್ಲರೂ ತಿಳಿದಿದ್ದಾರೆ. ಗಿರಾಕಿ ಮಿಷನ್ ಹೊಲಿಗೆಯ ರಜಾಯಿಯ ದರಕ್ಕೆ ಚೌಕಾಸಿ ಮಾಡಿದಾಗ ಅರ್ಧ ಬೆಲೆಗೆ ಕೊಟ್ಟು ಬರುವುದೂ ಇದೇ ಕಾರಣಕ್ಕೆ. ನಾಟಿಯ ದಿನಗಳಲ್ಲಿ ಎಲ್ಲರೂ ಗದ್ದೆಗಿಳಿಯುತ್ತಾರೆ, ಸೂಜಿ ಮೂಲೆ ಸೇರುತ್ತದೆ. ಕಂತು ಮಾತ್ರ ಮಳೆ ಬಿಸಿಲು ನೋಡುವುದಿಲ್ಲ.

ಸರ್ಕಾರದ ಯೋಜನೆಗಳಿಲ್ಲವೆಂದಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ 18 ಕಸುಬುಗಳಿಗೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ ಕೊಡುತ್ತದೆ. ಪಟ್ಟಿಯಲ್ಲಿ ಬುಟ್ಟಿ, ಚಾಪೆ ಹೆಣೆಯುವವರಿದ್ದಾರೆ, ದರ್ಜಿಗಳಿದ್ದಾರೆ. ಕೌದಿ ಹೊಲಿಯುವವರ ಹೆಸರಿಲ್ಲ. ಉಪಕರಣಕ್ಕೆಂದು 15,000 ರೂಪಾಯಿ ನೆರವೂ ಉಂಟು. ಆದರೆ ಕೈಹೊಲಿಗೆಯವರಿಗೆ ಬೇಕಿರುವುದು ಮಿಷನ್ ಅಲ್ಲ, ಹೊಲಿಯುವಷ್ಟು ದಿನ ಮನೆ ನಡೆಸುವ ಹಣ. ಆನ್‌ಲೈನ್ ಮಾರಾಟ ಎಂಬ ಸಲಹೆಯಲ್ಲೂ ತೊಡಕಿದೆ: ಸಣ್ಣ ಮಾರಾಟಗಾರರಿಗೆ ಇ-ಕಾಮರ್ಸ್‌ನಲ್ಲಿ ಜಿಎಸ್‌ಟಿ ನೋಂದಣಿಯಿಂದ 2023ರ ಅಕ್ಟೋಬರ್‌ನಲ್ಲಿ ಸಿಕ್ಕ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕಷ್ಟೆ. ಪಕ್ಕದ ಗೋವಾದ ಗಿರಾಕಿ ಆರ್ಡರ್ ಕೊಟ್ಟರೆ ಆ ವಿನಾಯಿತಿ ಇಲ್ಲ.

ಹಂಗಾಮು ನೋಡಿ ಹಣ ತೊಡಗಿಸುವುದು ಮುಂಡಗೋಡಕ್ಕೆ ಹೊಸದೇನಲ್ಲ. 1966ರಲ್ಲಿ ಇಲ್ಲಿ ನೆಲೆ ಕಂಡ ಟಿಬೆಟನ್ನರಲ್ಲಿ ಅನೇಕರು ಚಳಿಗಾಲಕ್ಕೆ ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋಗುತ್ತಾರೆ. ಟಿಬೆಟನ್ ವ್ಯಾಪಾರಿಗಳು ಲುಧಿಯಾನದ ಸಗಟುದಾರರಿಂದ ಮಾಲನ್ನು ಉದ್ರಿ ತಂದು, ಹಂಗಾಮು ಮುಗಿದ ಮೇಲೆ ಚುಕ್ತಾ ಮಾಡುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಮಾರಿದ ಮೇಲೆ ಕೊಡು ಎನ್ನುವ ಆ ಒಪ್ಪಂದವೇ ಅವರ ವ್ಯಾಪಾರವನ್ನು ಕಾಯ್ದಿದೆ.

ಕೌದಿಗೂ, ಬಿದಿರಿನ ಬುಟ್ಟಿಗೂ ಬೇಕಿರುವುದು ಇಂಥದೇ ಏರ್ಪಾಡು. ಬೆಳೆಸಾಲ ಕೊಡುವ ಸೊಸೈಟಿಗಳೇ ಸ್ವಸಹಾಯ ಸಂಘಗಳಿಗೆ ವರ್ಷಕ್ಕೊಮ್ಮೆ ತೀರಿಸುವ ಕಸುಬು ಸಾಲ ಕೊಡಲಿ, ಬೆಳೆಸಾಲದ ಬಡ್ಡಿ ರಿಯಾಯಿತಿ ಅದಕ್ಕೂ ಅನ್ವಯಿಸಲಿ. ವಿಶ್ವಕರ್ಮ ಪಟ್ಟಿಗೆ ಕೌದಿ ಸೇರಲಿ. ದಾಂಡೇಲಿ, ಜೊಯಿಡಾದ ರೆಸಾರ್ಟುಗಳು ಕೌದಿ ಕೊಳ್ಳುವುದಾದರೆ ಆರ್ಡರ್ ಜೊತೆಗೇ ಅರ್ಧ ಹಣ ಮುಂಗಡ ಕೊಡಲಿ, ಉಳಿದದ್ದನ್ನು ಮಾಲು ಕೈಸೇರಿದ ದಿನವೇ.